ಸಿಮ್‌ಪೈ ಮಾದರಿ: ಗಾಯಾಳು 40, ಪಟ್ಟಿಯಲ್ಲಿ 33 ಮಾತ್ರ

ತೋಟದಮನೆ:
ಶಿರಾ ಹತ್ತಿರ ಹೆದ್ದಾರಿ 48ರಲ್ಲಿ ಬಸ್ ಅಪಘಾತವಾದರೆ ಅಂತ ಸಿಮ್‌ಪೈನಲ್ಲಿ (ಪೈಥಾನ್ ಭಾಷೆಯ ಸಿಮ್ಯುಲೇಶನ್ ಲೈಬ್ರರಿ) ಮಾದರಿ ಮಾಡ್ತಿದ್ದೀನಿ. ಗಾಯಾಳುಗಳಲ್ಲಿ ಕೆಂಪು (ತೀರಾ ತುರ್ತು) 8, ಹಳದಿ (ಸ್ವಲ್ಪ ಕಾಯಬಲ್ಲವರು) 12, ಹಸಿರು (ಸಣ್ಣ ಗಾಯ) 20. ಆಂಬುಲೆನ್ಸ್ 4, ಆಸ್ಪತ್ರೆಯಿಂದ 25 ಕಿ.ಮೀ., ವೇಗ ಗಂಟೆಗೆ 50 ಕಿ.ಮೀ. ಆದ್ಯತೆ ಕೆಂಪಿಗೆ 3, ಹಸಿರಿಗೆ 1. ಆಮ್ಲಜನಕ ಬೇಕಾದವರು 12. ತಲಾ ನಿಮಿಷಕ್ಕೆ 10 ಲೀಟರ್, 120 ನಿಮಿಷ. ಇರೋದು ಒಂದು ಡಿ ಟೈಪ್ ಸಿಲಿಂಡರ್, 7000 ಲೀಟರ್. ಪಟ್ಟಿಯಲ್ಲಿರೋರೆಲ್ಲ 70ನೇ ನಿಮಿಷಕ್ಕೇ ತಲುಪ್ತಿದ್ದಾರೆ, ಏಳು ಜನ ಕಾಣ್ತಾನೇ ಇಲ್ಲ. ಎರರ್ ಏನೂ ಬರ್ತಿಲ್ಲ.

ಕಲ್ಪತರು57:
ಗಾಡಿ ಕೇಳೋ 'ವಿತ್' ಸಾಲಿನ ಕೆಳಗಿನ ಇಂಡೆಂಟ್ ನೋಡಿ ಸರ್, ಆ ಬ್ಲಾಕ್ ಮುಗಿದ ಕೂಡಲೇ ಗಾಡಿ ವಾಪಸ್ ಹೋಗುತ್ತೆ. ಟೈಮ್‌ಔಟ್‌ಗಳು (ಇಷ್ಟು ನಿಮಿಷ ಕಳೆಯಲಿ ಅನ್ನೋ ಸಾಲುಗಳು) ಬ್ಲಾಕಿನ ಹೊರಗಿದ್ದರೆ ಗಾಡಿ ಸಿಕ್ಕ ಕ್ಷಣವೇ ಬಿಡುಗಡೆಯಾಗುತ್ತೆ, ನಾಲ್ಕು ಗಾಡಿ ನಲವತ್ತರ ಕೆಲಸ ಮಾಡುತ್ತೆ. ಹೋಗೋಕೆ 30 ನಿಮಿಷ, ಹತ್ತಿಸೋಕೆ 10, ಬರೋಕೆ 30, ಒಪ್ಪಿಸೋಕೆ 15, ಎಲ್ಲವೂ ಒಳಗೇ ಇರಲಿ. ಆಗ ಮೊದಲ ನಾಲ್ವರು 70ಕ್ಕೆ, ಮುಂದಿನವರು 155ಕ್ಕೆ ಬರ್ತಾರೆ.

ಇದು ಸರಿಯಾದ ಕೂಡಲೇ ಇನ್ನೊಂದು ತಪ್ಪು ತಲೆ ಎತ್ತುತ್ತೆ. ಪ್ರಯಾರಿಟಿ ರಿಸೋರ್ಸ್‌ನಲ್ಲಿ (ಆದ್ಯತೆ ನೋಡಿ ಗಾಡಿ ಹಂಚೋ ಸಿಮ್‌ಪೈ ವ್ಯವಸ್ಥೆ) ಚಿಕ್ಕ ಸಂಖ್ಯೆಗೇ ಮೊದಲ ಸರದಿ, ನಿಮ್ಮದು ತಲೆಕೆಳಗಾಗಿದೆ. ಎಲ್ಲರೂ ಸೊನ್ನೆ ನಿಮಿಷಕ್ಕೇ ಕೇಳಿದರೆ, ಮೊದಲು ಸೃಷ್ಟಿಯಾದ ನಾಲ್ವರಿಗೆ ಬಣ್ಣ ನೋಡದೆ ಗಾಡಿ ಸಿಗುತ್ತೆ. ಕೆಂಪಿನವರನ್ನೇ ಮೊದಲು ಸೃಷ್ಟಿಸಿ. ಹಸಿರಿನವರಿಗೆ ಬೇರೆ ಬಸ್ಸು ಕೊಡಿ.

ಏಕಶಿಲೆ:
ಏಳು ಜನ ಆಮ್ಲಜನಕದ ಸಾಲಲ್ಲಿ ನಿಂತಿದ್ದಾರೆ. ಒಬ್ಬರಿಗೆ 1200 ಲೀಟರ್ ಒಟ್ಟಿಗೇ ಕೇಳಿದ್ದೀರಿ. ಐವರಿಗೆ 6000 ಹೋಯ್ತು, ಉಳಿದ 1000 ಆರನೆಯವರಿಗೆ ಸಾಲದು. ಕಂಟೇನರ್ (ಲೀಟರ್ ಲೆಕ್ಕ ಇಡೋ ಸಿಮ್‌ಪೈ ವ್ಯವಸ್ಥೆ) ಎರರ್ ಕೊಡಲ್ಲ, ಸುಮ್ಮನೆ ಕಾಯಿಸುತ್ತೆ. ನೀವು ದಾಖಲೆ ಬರೆಯೋದು ಚಿಕಿತ್ಸೆ ಮುಗಿದ ಮೇಲೆ ಅನ್ಸುತ್ತೆ, ಅದಕ್ಕೇ ಸಿಗದವರು ಲೆಕ್ಕಕ್ಕೇ ಬರಲ್ಲ. ಸಾಯಬಹುದಾದವರನ್ನು ಬಿಟ್ಟು ಸರಾಸರಿ ತೆಗೆದಂಗಾಯ್ತು, ಇದು ತುಂಬ ಅಪಾಯ. ಗಾಯಾಳು ಬಂದ ಕೂಡಲೇ ಪಟ್ಟಿಯಲ್ಲಿ ಅವರ ಸಾಲು ಬರೆಯಿರಿ. ಹತ್ತು ನಿಮಿಷಕ್ಕೆ 100 ಲೀಟರಿನಂತೆ ಕೇಳಿ, ಜೊತೆಗೆ ಕಾಯೋಕೆ ಮಿತಿಯಾಗಿ ಟೈಮ್‌ಔಟ್ ಇಡಿ. ಸಿಗದಿದ್ದರೆ ಕೋರಿಕೆಯನ್ನು ಕ್ಯಾನ್ಸಲ್ ಮಾಡಿ, ಇಲ್ಲಾಂದ್ರೆ ಆಮೇಲೆ ತುಂಬಿಸಿದ ಸಿಲಿಂಡರನ್ನು ಆ ಹಳೇ ಕೋರಿಕೆ ನುಂಗುತ್ತೆ.

ಇನ್ನೊಂದು ಮಾತು. ಒಂದು ಸಿಲಿಂಡರಿಗೆ ಒಂದೇ ಫ್ಲೋಮೀಟರ್ (ಆಮ್ಲಜನಕದ ಹರಿವು ಅಳೆಯೋ ಸಾಧನ) ಇದ್ದರೆ ಒಂದು ಹೊತ್ತಿಗೆ ಒಬ್ಬರಿಗೇ. ಅದನ್ನೂ ಗಾಡಿಗಳ ಹಾಗೆ ರಿಸೋರ್ಸ್ ಮಾಡಿ.

ತೋಟದಮನೆ:
ಈಗ 40 ಸಾಲೂ ಬಂತು. ಆದರೆ ಕೊನೆಯ ಹಳದಿ ಗಾಯಾಳು 410ನೇ ನಿಮಿಷಕ್ಕೆ ತಲುಪ್ತಿದ್ದಾರೆ. ಮತ್ತೇನಾದ್ರೂ ತಪ್ಪಿದೆಯಾ?

ಕಲ್ಪತರು57:
ಇಲ್ಲ ಸರ್, 20 ಜನಕ್ಕೆ ಐದು ಸುತ್ತು, ಲೆಕ್ಕ ಸರಿಯಾಗೇ ಇದೆ. ಕೆಂಪಿನ ಒಬ್ಬರ ಜೊತೆ ಕೂರಬಲ್ಲ ಹಳದಿಯ ಒಬ್ಬರನ್ನು ಕಳಿಸಿ ನೋಡಿ, ಮೂರೇ ಸುತ್ತು, 240ಕ್ಕೆ ಮುಗಿಯುತ್ತೆ. ಪಾವಗಡಕ್ಕೆ ಇದೇ ಮಾದರಿ ಒಯ್ಯೋದಾದ್ರೆ ಗಡಿಯಾಚೆ ಆಂಧ್ರದ ಆಸ್ಪತ್ರೆಗಳನ್ನೂ ಸೇರಿಸಿ, ದೂರವನ್ನು ರಸ್ತೆ ಮೇಲೇ ಅಳೀರಿ.