ಆರು ವರ್ಷದ ಮಗನನ್ನು ಬೇಟೆಗೆ ಕರೆದೊಯ್ಯಬೇಕೇ?

ಓದುಗರ ಸ್ಪಂದನ

ಕಳೆದ ಸಂಚಿಕೆಯ ಸಮಸ್ಯೆ:

"ನಾವು ಕಾರ್ಕಳದ ಕಡೆಯವರು, ಈಗ ಥಾಣೆಯಲ್ಲಿದ್ದೇವೆ. ನಮ್ಮ ಭಾವ ನಮೀಬಿಯಾದ ವಿಂಡ್‌ಹೂಕ್‌ನಲ್ಲಿ ಉದ್ಯೋಗದಲ್ಲಿದ್ದಾರೆ. ಮೇ ರಜೆಗೆ ನಮ್ಮನ್ನು ಕರೆದಿದ್ದಾರೆ. ಅಲ್ಲಿಂದ ದಕ್ಷಿಣಕ್ಕೆ, ಮರಿಯೆಂಟಾಲ್ ಕಡೆಯ ಒಂದು ದೊಡ್ಡ ಫಾರ್ಮಿನಲ್ಲಿ ಒಂದು ವಾರ ಉಳಿದು ಸ್ಪ್ರಿಂಗ್‌ಬಾಕ್, ಜೆಮ್ಸ್‌ಬಾಕ್, ಕುಡು ಮುಂತಾದ ಜಿಂಕೆಯಂಥ ಬಯಲು ಪ್ರಾಣಿಗಳ ಬೇಟೆಯಾಡುವುದು, ಬಳಿಕ ಎಟೋಶಾ ಅಭಯಾರಣ್ಯ ನೋಡಿ ಮರಳುವುದು ಎಂದು ಯೋಜನೆ. ಅಲ್ಲಿ ಬೇಟೆ ಕಾನೂನುಬದ್ಧ. ಆರು ವರ್ಷದ ಮಗನನ್ನೂ ಬೇಟೆಯ ವಾಹನದಲ್ಲಿ ಕೂರಿಸಬೇಕೆಂದು ನನ್ನ ಗಂಡನ ಹಟ. ಊರಿನ ಮನೆಯ ಚಾವಡಿಯಲ್ಲಿ ಅಜ್ಜನ ಕಾಲದ ಕಾಟಿಯ (ಕಾಡುಕೋಣದ) ಕೊಂಬಿದೆ, ಅದರ ಪಕ್ಕಕ್ಕೆ ಕುಡುವಿನದೊಂದು ಬರಲಿ ಎನ್ನುತ್ತಾರೆ. ಮಗನಿಗೋ ಪ್ರಾಣಿಗಳೆಂದರೆ ಜೀವ. ಮುಂಬಯಿಯ ಮೃಗಾಲಯ ರಾಣಿಬಾಗ್‌ಗೆ ಹೋದರೆ ಗೇಟು ಮುಚ್ಚುವವರೆಗೆ ಹೊರಡುವುದಿಲ್ಲ. ಮಗುವಿನ ಕಣ್ಣೆದುರು ಕೊಲ್ಲುವುದು ಬೇಡವೆಂದು ಅತ್ತೆಯವರ ಮಾತು. ನಾನೇನು ಮಾಡಲಿ?" – ಓದುಗಿ, ಥಾಣೆ

•

ಮಗಳೇ, ನಾನೂ ನಿಮ್ಮ ಸೀಮೆಯವಳೇ. ಕೊಲ್ಲುವುದನ್ನು ನೋಡಿದ ಮಕ್ಕಳೆಲ್ಲ ಕೆಡುತ್ತಾರೆ ಎಂಬ ಮಾತನ್ನು ನಾನು ಒಪ್ಪುವವಳಲ್ಲ. ನಮ್ಮ ಮನೆಯಲ್ಲಿ ಭೂತಕ್ಕೆ ತಂಬಿಲ ಕೊಡುವ ದಿನ ಅಂಗಳದಲ್ಲೇ ಕೋಳಿ ಕೊಯ್ಯುತ್ತಿದ್ದರು. ನಾವು ಏಳೆಂಟು ಮಕ್ಕಳು ಸುತ್ತ ನಿಂತಿರುತ್ತಿದ್ದೆವು. ನನ್ನ ತಮ್ಮನೊಬ್ಬನಿಗೆ ಮಾತ್ರ ಆಗುತ್ತಿರಲಿಲ್ಲ. ಕತ್ತಿ ಕಂಡ ಕೂಡಲೇ ದನದ ಹಟ್ಟಿಯ ಹಿಂದೆ ಓಡಿಹೋಗಿ ಹುಲ್ಲಿನ ರಾಶಿಯಲ್ಲಿ ಕುಳಿತುಬಿಡುತ್ತಿದ್ದ. ಊಟದ ಹೊತ್ತಿಗೆ ತಾನಾಗಿ ಬರುತ್ತಿದ್ದ, ಸಾರನ್ನೂ ಉಣ್ಣುತ್ತಿದ್ದ. ಯಾರೂ ಅವನನ್ನು ಎಳೆದು ತಂದು ನಿಲ್ಲಿಸಲಿಲ್ಲ, ಯಾರೂ ಹೇಡಿ ಎನ್ನಲಿಲ್ಲ.

ನಿಮ್ಮ ಯಜಮಾನರನ್ನು ಇದೊಂದನ್ನೇ ಕೇಳಿ. ಆ ಬಯಲಿನಲ್ಲಿ, ಆ ಗಾಡಿಯ ಮೇಲೆ, ಮಗುವಿಗೆ ಬೇಡವೆನಿಸಿದರೆ ಅದು ಎದ್ದು ಎಲ್ಲಿಗೆ ಹೋಗಬೇಕು? ಹಟ್ಟಿ ಎಲ್ಲಿದೆ, ಹುಲ್ಲಿನ ರಾಶಿ ಎಲ್ಲಿದೆ? ಗುಂಡು ಹೊಡೆಯುವ ಅಪ್ಪನ ಪಕ್ಕದಲ್ಲಿ ಕೂತು "ನನಗೆ ಬೇಡ" ಎನ್ನುವ ಧೈರ್ಯ ಆರು ವರ್ಷಕ್ಕೆ ಬರುವುದಿಲ್ಲ. ಅಪ್ಪನನ್ನು ಮೆಚ್ಚಿಸಲಿಕ್ಕೆ ನಗುತ್ತಾ ಫೋಟೋಕ್ಕೆ ನಿಲ್ಲುತ್ತದೆ, ಅಷ್ಟೇ. ನೀವೆಲ್ಲ ಹೋಗಿ ಬನ್ನಿ, ಬೇಟೆಯ ಹೊತ್ತಿನಲ್ಲಿ ನೀವೂ ಮಗುವೂ ಫಾರ್ಮಿನ ಮನೆಯಲ್ಲಿರಿ. ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ.

– ಅಜ್ಜಿ, ಡೊಂಬಿವಲಿ

•

ತಾಯೀ, ನಾನು ಕೊಡಗಿನವನು. ಸೈನ್ಯದಿಂದ ನಿವೃತ್ತನಾಗಿ ಪುಣೆಯಲ್ಲೇ ನೆಲೆಸಿದ್ದೇನೆ. ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಆಕಾಶಕ್ಕೆ ಗುಂಡು ಹಾರಿಸುತ್ತೇವೆ. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜಿಸುತ್ತೇವೆ. ಹಾಗಾಗಿ ಕೋವಿ ಕಂಡು ಬೆಚ್ಚುವವನು ನಾನಲ್ಲ. ಅಳಿಯನಿಗೆ ನಮೀಬಿಯಾದಲ್ಲಿ ಕೆಲಸವಿದ್ದಾಗ ಇಂಥದೇ ಒಂದು ಫಾರ್ಮಿಗೆ ಹೋಗಿದ್ದೆ. ಕಂಡದ್ದನ್ನು ಬರೆಯುತ್ತೇನೆ, ತೀರ್ಮಾನ ನೀವೇ ಮಾಡಿ.

ಮೊದಲು, ಅದು ಜೀಪಿನಲ್ಲಿ ಕೂತು ಗುಂಡು ಹೊಡೆಯುವ ಆಟವಲ್ಲ. ನಸುಕಿಗೆ ಎದ್ದು, ಹಿಂಬದಿ ತೆರೆದಿರುವ ಪಿಕಪ್ ಗಾಡಿಯಲ್ಲಿ ಹೊರಡುತ್ತಾರೆ. ದೂರದಲ್ಲಿ ಹಿಂಡು ಕಂಡರೆ ಗಾಡಿ ಬಿಟ್ಟು, ಗಾಳಿಗೆ ಎದುರಾಗಿ, ಬಗ್ಗಿಕೊಂಡು ನಡೆಯಬೇಕು. ಮುಂದೆ ಹೆಜ್ಜೆ ಹುಡುಕುವವನು, ಅವನ ಹಿಂದೆ ನೋಂದಾಯಿತ ಬೇಟೆ ಮಾರ್ಗದರ್ಶಿ. ಹೊರಗಿನಿಂದ ಬಂದವನು ಅವನಿಲ್ಲದೆ ಅಲ್ಲಿ ಬೇಟೆಯಾಡುವಂತಿಲ್ಲ. ಅವನು ಮೂರು ಕಾಲಿನ ಕೋಲು ನಿಲ್ಲಿಸಿದ ಮೇಲೆ ಅದರ ಮೇಲೆ ಕೋವಿ ಇಡಬೇಕು. ಸ್ಪ್ರಿಂಗ್‌ಬಾಕ್ ಬಯಲಿನ ಪ್ರಾಣಿ. ಅಲ್ಲಿ ನಮಗೆ ಮರೆಯಿಲ್ಲ, ಅದಕ್ಕೆ ಕಣ್ಣು ಚುರುಕು. ಮುಕ್ಕಾಲು ಪಾಲು ಸಲ ಹಿಂಡು ಓಡಿಹೋಗುತ್ತದೆ, ಮತ್ತೆ ಮೊದಲಿನಿಂದ ಶುರು. ಕೆಮ್ಮುವಂತಿಲ್ಲ, "ಅಪ್ಪಾ ಉಚ್ಚೆ" ಎನ್ನುವಂತಿಲ್ಲ. ಆರು ವರ್ಷದ ಹುಡುಗ ಹೀಗೆ ಗಂಟೆಗಟ್ಟಲೆ ಇರಬಲ್ಲನೇ? ನಿಮ್ಮ ಗಂಡ ಇದನ್ನು ಯೋಚಿಸಿದ ಹಾಗಿಲ್ಲ. ಮಗ ಜೊತೆಗಿದ್ದರೆ ಅವರ ಬೇಟೆಯೂ ಕೆಡುತ್ತದೆ. ಮಗುವಿನ ಮನಸ್ಸಿನ ವಿಷಯಕ್ಕಿಂತ ಈ ಮಾತು ಅವರಿಗೆ ಬೇಗ ನಾಟೀತು!

ಎರಡನೆಯದು ಕಿವಿ. ಆ ಕೋವಿಗಳ ಸದ್ದು ಸುಮಾರು 160 ಡೆಸಿಬಲ್. ದೊಡ್ಡವರಿಗೇ 140ರ ಆಚೆ ಅಪಾಯ, ಮಕ್ಕಳ ಮಿತಿ ಅದಕ್ಕಿಂತಲೂ ಕೆಳಗೆ. ಒಂದೇ ಗುಂಡು ಸಾಕು, ಹೋದ ಕಿವಿ ಮರಳುವುದಿಲ್ಲ. ಕಿವಿಗೆ ಹಾಕುವ ಕವಚ ಇಪ್ಪತ್ತು-ಮೂವತ್ತು ಡೆಸಿಬಲ್ ಇಳಿಸುತ್ತದೆ, ಅದೂ ಮಗುವಿನ ತಲೆಗೆ ಬಿಗಿಯಾಗಿ ಕೂತರೆ ಮಾತ್ರ. ಹತ್ತಿ ತುರುಕಿದರೆ ಆಗುವುದಿಲ್ಲ. ಸೈನ್ಯದಲ್ಲಿ ಕಿವಿ ಕಳೆದುಕೊಂಡವರ ನಡುವೆ ಬದುಕಿದವನು ಹೇಳುತ್ತಿದ್ದೇನೆ.

ಮೂರನೆಯದನ್ನು ಬೇಟೆಯ ಜಾಹೀರಾತುಗಳಲ್ಲಿ ತೋರಿಸುವುದಿಲ್ಲ. ಎಲ್ಲ ಗುಂಡೂ ನೆಟ್ಟಗೆ ಬೀಳುವುದಿಲ್ಲ. ಅಳಿಯನ ಸ್ನೇಹಿತ ಹೊಡೆದ ಜೆಮ್ಸ್‌ಬಾಕ್ ಒಂದು ಹೊಟ್ಟೆಗೆ ಗುಂಡು ತಿಂದು ಓಡಿತು. ಹೆಜ್ಜೆ ಹುಡುಕುವ ಮುದುಕ ಒಣ ಹುಲ್ಲಿನ ಎಸಳಿನ ಮೇಲೆ ಸಾಸಿವೆಕಾಳಿನಷ್ಟು ರಕ್ತ ಕಂಡರೆ ನಿಲ್ಲುತ್ತಿದ್ದ. ಬೆರಳಿನಿಂದ ಮುಟ್ಟಿ, ಹಸಿಯೋ ಒಣಗಿದೆಯೋ ನೋಡಿ, ಮುಂದೆ ನಡೆಯುತ್ತಿದ್ದ. ಮಧ್ಯಾಹ್ನದಿಂದ ಹೊತ್ತು ಮುಳುಗುವವರೆಗೂ ಹೀಗೆಯೇ. ಪೊದೆಯ ಬುಡದಲ್ಲಿ ಮಲಗಿದ್ದ ಅದು ನಮ್ಮನ್ನು ಕಂಡು ಎದ್ದು ಕೊಂಬು ತಗ್ಗಿಸಿತು. ಗಾಯಗೊಂಡ ಜೆಮ್ಸ್‌ಬಾಕ್‌ನ ಎದುರಿಗೆ ಹೋಗಬಾರದು. ಈಟಿಯಂಥ ಆ ಕೊಂಬು ಗಂಡಿಗೂ ಹೆಣ್ಣಿಗೂ ಇರುತ್ತದೆ. ಅಂದು ರಾತ್ರಿ ಬೆಂಕಿಯ ಮುಂದೆ ದೊಡ್ಡವರೇ ಹೆಚ್ಚು ಮಾತಾಡಲಿಲ್ಲ. ಗಾಯಗೊಂಡ ಪ್ರಾಣಿ ಸಿಗದೆ ತಪ್ಪಿಸಿಕೊಂಡರೂ ಅದರ ಪೂರ್ತಿ ಶುಲ್ಕ ಕೊಡಬೇಕು. ಅಲ್ಲಿಯ ಫಾರ್ಮುಗಳಲ್ಲಿ ನಡೆಯುವ ಪದ್ಧತಿ ಅದು, ಕರಾರಿನಲ್ಲಿ ಓದಿಕೊಳ್ಳಲಿ.

ಮಗುವಿಗೆ ಅಲ್ಲಿ ನೋಡಲು ಬೇಕಾದಷ್ಟಿದೆ. ಮರಳಿನ ಮೇಲಿನ ಹೆಜ್ಜೆ ಗುರುತುಗಳನ್ನು ಆ ಮುದುಕರು ಓದಿ ಹೇಳುತ್ತಾರೆ, ಅದನ್ನು ಕಲಿಯಲಿ. ಬೇಟೆಯ ಮೊದಲ ದಿನ ಕೋವಿಯ ಗುರಿ ಸರಿಪಡಿಸಲು ಕಾಗದಕ್ಕೆ ಗುಂಡು ಹೊಡೆಯುತ್ತಾರೆ. ಕಿವಿ ಕವಚ ಹಾಕಿಸಿ, ದೂರದಲ್ಲಿ ನಿಲ್ಲಿಸಿ ಬೇಕಾದರೆ ಅದನ್ನು ತೋರಿಸಿ. ನಮ್ಮಲ್ಲಿ ಮಕ್ಕಳು ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಡುವುದನ್ನು ನೋಡಿಯೇ ಕೋವಿಯ ಶಿಸ್ತು ಕಲಿಯುತ್ತಾರೆ, ಪ್ರಾಣಿಯನ್ನು ಕೆಡವುವುದನ್ನು ನೋಡಿ ಅಲ್ಲ.

– ನಿವೃತ್ತ ಸುಬೇದಾರ್, ಖಡಕಿ, ಪುಣೆ

•

ಸಮಸ್ಯೆಯೇ ನನಗೆ ಅರ್ಥವಾಗಲಿಲ್ಲ. ತಪ್ಪು ಎನಿಸಿದ್ದನ್ನು ಮಗು ನೋಡದಂತೆ ಮಾಡಬಹುದೇ ಎಂದು ಕೇಳುತ್ತಿದ್ದೀರಿ. ಮಾಡಲೇಬೇಡಿ! ಹೊಟ್ಟೆಗಿಲ್ಲದವನು ಕೊಂದರೆ ಬೇರೆ ಮಾತು. ವಿಮಾನ ಹತ್ತಿ ಅಷ್ಟು ದೂರ ಹೋಗಿ, ದುಡ್ಡು ಕೊಟ್ಟು, ನಮಗೆ ಯಾವ ಕೇಡೂ ಮಾಡದ ಜೀವವನ್ನು ಗೋಡೆಯ ಅಲಂಕಾರಕ್ಕಾಗಿ ಕೊಲ್ಲುವುದನ್ನು ಯಾವ ಸಂಪ್ರದಾಯ ಎನ್ನೋಣ? ಕೀನ್ಯಾ 1977ರಲ್ಲೇ ಬೇಟೆಯನ್ನು ನಿಲ್ಲಿಸಿತು. ಇಂದಿಗೂ ಜಗತ್ತೆಲ್ಲ ಅಲ್ಲಿಗೆ ಪ್ರಾಣಿ ನೋಡಲು ಹೋಗುತ್ತದೆ. ನಿಮ್ಮ ಭಾವನವರಿಗೆ ಹೇಳಿ, ಮರಿಯೆಂಟಾಲ್ ಬಿಟ್ಟು ಆ ವಾರವನ್ನೂ ಎಟೋಶಾದಲ್ಲೇ ಕಳೆಯಿರಿ. ಕ್ಯಾಮೆರಾ ಒಯ್ಯಿರಿ.

– ನಿವೃತ್ತ ಶಿಕ್ಷಕಿ, ಕೋಥ್ರುಡ್, ಪುಣೆ

•

ನಾನು ಬಲ್ಲಾರ್ಡ್ ಎಸ್ಟೇಟಿನಲ್ಲಿ ಕಸ್ಟಮ್ಸ್ ಕ್ಲಿಯರಿಂಗ್ ಕೆಲಸ ಮಾಡುವವನು. ಮಗುವಿನ ವಿಷಯದಲ್ಲಿ ಬುದ್ಧಿ ಹೇಳುವಷ್ಟು ದೊಡ್ಡವನಲ್ಲ. ಆದರೆ ಪತ್ರದಲ್ಲಿ ಕೊಂಬಿನ ಮಾತು ಓದಿ ಸುಮ್ಮನಿರಲಾಗಲಿಲ್ಲ.

ಕುಡುವಿನ ಕೊಂಬು ಚಾವಡಿಗೆ ಬರುವುದಿಲ್ಲ. ಅಲ್ಲಿ ಬೇಟೆ ಕಾನೂನುಬದ್ಧ, ಪರವಾನಗಿ ಇದೆ, ರಸೀದಿ ಇದೆ ಎಂಬುದೆಲ್ಲ ಅಲ್ಲಿಯದು. ನಮ್ಮ ಆಮದು ನೀತಿಯಲ್ಲಿ ಕಾಡುಪ್ರಾಣಿಗಳು ಮಾತ್ರವಲ್ಲ, ಅವುಗಳ ಭಾಗಗಳು, ಅವುಗಳಿಂದ ಮಾಡಿದ ವಸ್ತುಗಳೂ ನಿಷಿದ್ಧ. ಕೊಂಬು, ಚರ್ಮ, ತುಂಬಿದ ತಲೆ ಯಾವುದನ್ನೂ ಸಾಮಾನಿನಲ್ಲಿ ತರುವಂತಿಲ್ಲ. ಕುಡು ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಪಟ್ಟಿಯಲ್ಲಿಲ್ಲವಲ್ಲ ಎಂದು ವಾದಿಸುವವರಿದ್ದಾರೆ. ವಿಮಾನ ನಿಲ್ದಾಣದಲ್ಲಿ ಆ ವಾದ ನಡೆಯುವುದಿಲ್ಲ. ಒಣಗಿಸಿದ ಮಾಂಸವನ್ನೂ ತರಬೇಡಿ, ಅದಕ್ಕೆ ಬೇರೆಯೇ ಕಾನೂನಿದೆ. ಅಲ್ಲಿ ಕೊಂಬು ಹದಮಾಡಿ ಕಳಿಸುವ ಅಂಗಡಿಯವರು "ಎಲ್ಲಿಗಾದರೂ ಕಳಿಸುತ್ತೇವೆ" ಎನ್ನುತ್ತಾರೆ. ಅವರ ಕೆಲಸ ಕಳಿಸುವುದು, ಬಿಡಿಸಿಕೊಳ್ಳುವ ಕಷ್ಟ ನಿಮ್ಮದು. ಕೊಂಬು ಭಾವನವರ ಮನೆಯ ಗೋಡೆಯಲ್ಲೇ ಇರಲಿ.

ಇನ್ನು ಅಜ್ಜನ ಕಾಲದ ಕಾಟಿಯ ಕೊಂಬು. ಅದರ ಹೆಸರನ್ನು ಹೀಗೆ ಅಚ್ಚಿನಲ್ಲಿ ಬರೆಯುವ ಮೊದಲು ಕಾಗದ ನೋಡಿಕೊಳ್ಳಬೇಕಿತ್ತು! 1972ರ ವನ್ಯಜೀವಿ ಕಾನೂನಿನ ಪ್ರಕಾರ ಇಂಥವುಗಳಿಗೆ ಮಾಲೀಕತ್ವದ ಪ್ರಮಾಣಪತ್ರ ಬೇಕು. ಘೋಷಿಸದೆ ಉಳಿದವರಿಗೆ 2003ರಲ್ಲಿ 180 ದಿನಗಳ ಅವಕಾಶವನ್ನೂ ಕೊಟ್ಟಿದ್ದರು. ಹಿರಿಯರು ಪತ್ರ ಮಾಡಿಸಿದ್ದಾರೆಯೇ ಎಂದು ಊರಿನ ಕಪಾಟು ಹುಡುಕಿಸಿ. ಸಿಗದಿದ್ದರೆ ವಕೀಲರನ್ನು ಕಾಣಿ.

ಮಗುವಿನ ಪಾಸ್‌ಪೋರ್ಟಿನ ಜೊತೆಗೆ ಜನನ ಪ್ರಮಾಣಪತ್ರವನ್ನೂ ಒಯ್ಯಿರಿ, ತಂದೆ ತಾಯಿ ಇಬ್ಬರ ಹೆಸರೂ ಅದರಲ್ಲಿರಬೇಕು. ನಮೀಬಿಯಾದಲ್ಲಿಯೂ ದಕ್ಷಿಣ ಆಫ್ರಿಕಾದಲ್ಲಿಯೂ ಮಕ್ಕಳ ವಿಷಯದಲ್ಲಿ ಬಿಗಿ ಹೆಚ್ಚು. ಒಬ್ಬರೇ ಕರೆದೊಯ್ಯುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಬೇಕು. ಕೋವಿಯನ್ನು ಇಲ್ಲಿಂದ ಒಯ್ಯುವ ಯೋಚನೆಯಿದ್ದರೆ ಬಿಟ್ಟುಬಿಡಿ, ಅಲ್ಲಿ ಬಾಡಿಗೆಗೆ ಸಿಗುತ್ತದೆ.

– ಓದುಗ, ಮಾಟುಂಗಾ

•

ಪತ್ರದಲ್ಲಿ ಗಂಡನಿಗೆ ಏನು ಬೇಕೆಂದಿದೆ, ಅತ್ತೆಗೆ ಏನು ಬೇಡವೆಂದಿದೆ, ಮಗನಿಗೆ ಏನು ಇಷ್ಟವೆಂದಿದೆ. ನಿಮಗೆ ಹೋಗಲು ಮನಸ್ಸಿದೆಯೇ? ಅದೊಂದು ಸಾಲು ಎಲ್ಲಿಯೂ ಕಾಣಲಿಲ್ಲ. ನಿಮಗೆ ಬೇಡವಾಗಿದ್ದರೆ ಮಗುವನ್ನೂ ಅತ್ತೆಯನ್ನೂ ಮುಂದಿಡದೆ "ನನಗೆ ಬೇಡ" ಎಂದೇ ಹೇಳಿನೋಡಿ, ಸಹೋದರಿ.

– ಬ್ಯಾಂಕ್ ಉದ್ಯೋಗಿ, ಘಾಟ್‌ಕೋಪರ್

•

ಮಕ್ಕಳ ವೈದ್ಯಳಾಗಿ ಕೆಲವು ಮಾತು. ಬೇಟೆ ಸರಿಯೋ ತಪ್ಪೋ ಎಂಬುದನ್ನು ಬೇರೆಯವರು ಬರೆಯುತ್ತಾರೆ.

ಮರಿಯೆಂಟಾಲ್ ಕಡೆ ಮಲೇರಿಯಾದ ಚಿಂತೆಯಿಲ್ಲ. ಎಟೋಶಾ ಇರುವುದು ಉತ್ತರದಲ್ಲಿ, ಅಲ್ಲಿ ಇದೆ. ಮಳೆಗಾಲದ ಬೆನ್ನಿಗೇ ಬರುವ ಮೇ ತಿಂಗಳಲ್ಲಿ ಅಪಾಯ ಇನ್ನೂ ಇಳಿದಿರುವುದಿಲ್ಲ. ಅಂದರೆ ನೀವು ಹೆದರುತ್ತಿರುವ ಬೇಟೆಯ ವಾರಕ್ಕಿಂತ, ನಿಶ್ಚಿಂತೆಯೆಂದುಕೊಂಡ ಎಟೋಶಾದ ದಿನಗಳಿಗೇ ಹೆಚ್ಚು ತಯಾರಿ ಬೇಕು. ದೊಡ್ಡವರಿಗೆ ಕೊಡುವ ಡಾಕ್ಸಿಸೈಕ್ಲಿನ್ ಎಂಟು ವರ್ಷದೊಳಗಿನ ಮಕ್ಕಳಿಗೆ ಸಲ್ಲದು. ಮಗುವಿನ ತೂಕ ನೋಡಿ ಬೇರೆ ಔಷಧಿ ಬರೆಯಬೇಕಾಗುತ್ತದೆ. ನಿಮ್ಮ ವೈದ್ಯರನ್ನು ಹೊರಡುವುದಕ್ಕೆ ತಿಂಗಳು ಮೊದಲೇ ಕಾಣಿ. ಗಂಡನ ಮಾತ್ರೆಯನ್ನು ಅರ್ಧ ಮಾಡಿ ಕೊಡಬೇಡಿ, ಹೀಗೆ ಮಾಡುವವರನ್ನು ನೋಡಿದ್ದೇನೆ.

ಟಿಕೆಟ್ ತೆಗೆಯುವ ಮೊದಲು ವಿಮಾನ ಎಲ್ಲಿ ಬದಲಾಗುತ್ತದೆ ಎಂದು ನೋಡಿ. ಇಥಿಯೋಪಿಯಾ, ಕೀನ್ಯಾ ಎರಡೂ ಹಳದಿ ಜ್ವರದ ದೇಶಗಳು. ದಾರಿಯಲ್ಲಿ ಅಲ್ಲಿ ಊರೊಳಗೆ ಇಳಿದು ಒಂದು ದಿನ ಕಳೆಯುವ ಆಸೆಯಿದ್ದರೆ ಲಸಿಕೆಯ ಹಳದಿ ಪುಸ್ತಕವಿಲ್ಲದೆ ಆಗದು. ಅದಿಲ್ಲದೆ ಮರಳಿದವರನ್ನು ಮುಂಬಯಿಯಲ್ಲಿ ಆರು ದಿನ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿದ ಹತ್ತು ದಿನಗಳ ಬಳಿಕವೇ ಪುಸ್ತಕಕ್ಕೆ ಬೆಲೆ. ಮಗನಿಗೆ ಮೊಟ್ಟೆ ಆಗುವುದಿಲ್ಲವೆಂದಾದರೆ ಮೊದಲೇ ತಿಳಿಸಿ.

ಒಂದು ಚಿಕ್ಕ ಸಂಗತಿ, ಥಾಣೆಯವರಿಗೆ ಹೊಳೆಯದಿರಬಹುದು. ವಿಂಡ್‌ಹೂಕ್ ಸಮುದ್ರಮಟ್ಟದಿಂದ 1,600 ಮೀಟರಿಗೂ ಎತ್ತರದಲ್ಲಿದೆ, ಮೇ ತಿಂಗಳೆಂದರೆ ಅಲ್ಲಿ ಚಳಿಗಾಲದ ಬಾಗಿಲು. ಫಾರ್ಮಿನ ಕಡೆಯೂ ಬೆಳಗಿನ ಜಾವ ತೆರೆದ ಗಾಡಿಯಲ್ಲಿ ಕೂತರೆ ಮುಖಕ್ಕೆ ರಾಚುವ ಗಾಳಿ ಸಾಮಾನ್ಯದ್ದಲ್ಲ. ಟೊಪ್ಪಿ, ಕೈಗವಸು, ಉಣ್ಣೆಯ ಕಾಲುಚೀಲ ಒಯ್ಯಿರಿ. ಹಗಲು ಬಿಸಿಲು ಏರುತ್ತದೆ, ಗಾಳಿ ಒಣ. ಮಗು ಕೇಳುವ ಮೊದಲೇ ನೀರು ಕುಡಿಸಿ.

– ಮಕ್ಕಳ ವೈದ್ಯೆ, ಪಣಜಿ

•

ನಾನು ಯಾವ ಪಕ್ಷವೂ ಅಲ್ಲ. ನಮೀಬಿಯಾದಲ್ಲಿ 1975ರಿಂದ ಜಮೀನಿನ ಒಡೆಯರಿಗೆ ತಮ್ಮ ನೆಲದ ಕಾಡುಪ್ರಾಣಿಗಳ ಮೇಲೆ ಹಕ್ಕು ಕೊಟ್ಟರು, 1996ರಲ್ಲಿ ಹಳ್ಳಿಯ ಸಮುದಾಯಗಳಿಗೂ ಅಂಥ ಹಕ್ಕು ಸಿಕ್ಕಿತು. ದನ ಕುರಿ ಸಾಕುತ್ತಿದ್ದ ಎಷ್ಟೋ ಫಾರ್ಮುಗಳಲ್ಲಿ ಪ್ರಾಣಿಗಳು ಉಳಿದದ್ದು ಅವುಗಳಿಂದ ಒಡೆಯನಿಗೆ ವರಮಾನವಿದೆ ಎಂಬ ಕಾರಣಕ್ಕೆ. ಹೊಡೆದ ಪ್ರಾಣಿಯ ಮಾಂಸವನ್ನೂ ಬಿಸಾಡುವುದಿಲ್ಲ, ಫಾರ್ಮಿನ ಮನೆಗೂ ಕೆಲಸಗಾರರಿಗೂ ಮಾರುಕಟ್ಟೆಗೂ ಹೋಗುತ್ತದೆ. ಹಾಗೆಂದು ಆ ಲೆಕ್ಕವೆಲ್ಲ ಆರು ವರ್ಷದವನಿಗೆ ಅರ್ಥವಾಗುತ್ತದೆಯೇ? ಅವನು ನೋಡುವುದು ಬಿದ್ದ ಪ್ರಾಣಿಯನ್ನು ಮಾತ್ರ.

ನನ್ನದೊಂದು ಸಲಹೆ. ತೀರ್ಮಾನಕ್ಕೆ ಮೊದಲು ಒಂದು ಭಾನುವಾರ ಗಂಡನನ್ನೂ ಮಗನನ್ನೂ ಇಬ್ಬರನ್ನೇ ಬಾರಾಮತಿ ದಾರಿಯ ಸುಪೆಯ ಮಯೂರೇಶ್ವರ ಅಭಯಾರಣ್ಯಕ್ಕೆ ಕಳಿಸಿ. ಐದು ಚದರ ಕಿಲೋಮೀಟರಿನಷ್ಟು ಸಣ್ಣ ಹುಲ್ಲುಗಾವಲು, ಅದರ ತುಂಬ ಜಿಂಕೆಯಂಥ ಚಿಂಕಾರಗಳು. ಅವೂ ಬಯಲಿನ ಪ್ರಾಣಿಗಳೇ, ಆ ಸ್ಪ್ರಿಂಗ್‌ಬಾಕ್‌ನ ದೂರದ ನೆಂಟರು. ನಾನು ನನ್ನ ಮಗಳನ್ನು ಕರೆದೊಯ್ದಾಗ ಒಂದು ಗಂಡು ಚಿಂಕಾರ ಜಾಲಿಯ ನೆರಳಿನಲ್ಲಿ ನಿಂತು ಮುಂಗಾಲಿನಿಂದ ನೆಲ ಕೆರೆದು, ಬಾಲವನ್ನು ಪಟಪಟ ಆಡಿಸಿ, ಸೀನಿದಂಥ ಸದ್ದು ಮಾಡಿತು. ಅವಳು ಕಿಲಕಿಲ ನಕ್ಕಳು, ಅದು ಹೊರಟೇಹೋಯಿತು. ನಿಮ್ಮ ಯಜಮಾನರು ಅಲ್ಲಿ ಮಗನನ್ನು ಎರಡು ಗಂಟೆ ಸದ್ದಿಲ್ಲದೆ ಕೂರಿಸಿ ನೋಡಲಿ. ಆಮೇಲೆ ಮನೆಗೆ ಬಂದು ಅವರೇ ಹೇಳಲಿ, ನಮೀಬಿಯಾದಲ್ಲಿ ಅವನನ್ನು ಗಾಡಿ ಹತ್ತಿಸಬೇಕೋ ಬೇಡವೋ ಎಂದು. ಥಾಣೆಯಿಂದ ನಸುಕಿಗೆ ಮೊದಲೇ ಹೊರಟರೆ ಬಿಸಿಲೇರುವ ಮುಂಚೆ ತಲುಪಬಹುದು. ನೀರು, ತಿಂಡಿ ಮನೆಯಿಂದಲೇ ಕಟ್ಟಿಕೊಡಿ.

– ಓದುಗ, ಹಡಪ್ಸರ್, ಪುಣೆ