ಮನೆ ಗುಂಪಿನಲ್ಲಿ: ಮಿಲಿಟರಿ ಬೇಸ್ ಶಾಲೆ ಯಾರ ಕೈಲಿರಬೇಕು?

ಚಿಕ್ಕಪ್ಪ, ದಾವಣಗೆರೆ: ಅಮೆರಿಕದ ಮಿಲಿಟರಿ ಬೇಸ್‌ಗಳೊಳಗೆ ರಕ್ಷಣಾ ಇಲಾಖೆ ನಡೆಸೋ ಶಾಲೆಗಳನ್ನ ಆಯಾ ಊರಿನ ಶಾಲಾ ಮಂಡಳಿಗೆ ವಹಿಸಬೇಕಂತೆ. ಲೇಖನ ಹಾಕಿದೀನಿ, ಓದಿ. ನನಗಂತೂ ಸರಿ ಅನ್ನಿಸ್ತು. ಬಂದೂಕು ಹಿಡಿಯೋ ಇಲಾಖೆಗೆ ಮಕ್ಕಳ ಮಗ್ಗಿ ಯಾಕೆ?

ಅಕ್ಕ, ಫೋರ್ಟ್ ಬ್ರ್ಯಾಗ್: ಚಿಕ್ಕಪ್ಪ, ನಾವಿರೋದೇ ಆ ಬೇಲಿಯೊಳಗೆ. ಪುಟ್ಟಿಗೆ ಹತ್ತು ವರ್ಷ, ಇದು ಮೂರನೇ ಊರು. ಹಿಂದಿನ ಬೇಸ್ ಫೋರ್ಟ್ ಕ್ಯಾಂಪ್‌ಬೆಲ್‌ನಲ್ಲಿ ಭಿನ್ನರಾಶಿ ಅರ್ಧ ಆಗಿತ್ತು. ಇಲ್ಲಿಗೆ ಬಂದ ವಾರವೇ ಟೀಚರ್ ಅಲ್ಲಿಂದಲೇ ಮುಂದುವರಿಸಿದ್ರು. ಎರಡೂ ರಕ್ಷಣಾ ಇಲಾಖೆಯ ಶಾಲೆಗಳೇ. 2022, 2024ರ ರಾಷ್ಟ್ರೀಯ ಪರೀಕ್ಷೆಯಲ್ಲಿ ಓದು, ಗಣಿತ ಎರಡರಲ್ಲೂ ಈ ಮಕ್ಕಳು ಎಲ್ಲ ರಾಜ್ಯಗಳಿಗಿಂತ ಮುಂದೆ. ಯಾಕೆ ಕೈ ಹಾಕಬೇಕು?

ತಮ್ಮ, ಬೆಂಗಳೂರು: ಟೆಕ್ಸಸ್‌ನ ಫೋರ್ಟ್ ಹುಡ್ ಬೇಸ್‌ನೊಳಗಿನ ಶಾಲೆಗಳನ್ನ ಕಿಲೀನ್ ಊರಿನ ಮಂಡಳಿಯೇ ನಡೆಸುತ್ತೆ ಅಕ್ಕ. ಅಲ್ಲೇನು ಮುಳುಗಿಹೋಗಿದೆ? ವಾಷಿಂಗ್ಟನ್ ಕೈಲಿದ್ರೆ ಏನಾಗುತ್ತೆ ಅಂತ 2025ರಲ್ಲಿ ನೋಡಿದ್ವಲ್ಲ. ರಕ್ಷಣಾ ಇಲಾಖೆಯ ಶಾಲೆಗಳಲ್ಲಿ ಲೈಬ್ರರಿ ಪುಸ್ತಕ ಎತ್ತಿಟ್ರು, ಮಕ್ಕಳು ಕೋರ್ಟಿಗೆ ಹೋಗಬೇಕಾಯ್ತು.

ಅಕ್ಕ: ಅದು ತಪ್ಪೇ ಕಣೋ, ನನಗೂ ಹೊಟ್ಟೆ ಉರಿದಿತ್ತು. ಆದ್ರೆ ಊರಿನವರ ಕೈಲಿದ್ದಾಗ ಏನಾಗಿತ್ತು ಅಂತಾನೂ ನೋಡು. ಸೈನ್ಯದಲ್ಲಿ ಕರಿಯರು ಬಿಳಿಯರು ಒಟ್ಟಿಗಿರಬೇಕು ಅಂತ ಅಧ್ಯಕ್ಷ ಟ್ರೂಮನ್ 1948ರಲ್ಲೇ ಆದೇಶ ಮಾಡಿದ್ರು. ಆದ್ರೂ ದಕ್ಷಿಣದ ಕೆಲವು ಬೇಸ್‌ಗಳಲ್ಲಿ ಸ್ಥಳೀಯ ಮಂಡಳಿ ನಡೆಸ್ತಿದ್ದ ಶಾಲೆಗೆ ಕರಿಯ ಸೈನಿಕರ ಮಕ್ಕಳಿಗೆ ಪ್ರವೇಶ ಇರಲಿಲ್ಲ. ಅಪ್ಪ ಒಂದೇ ಬ್ಯಾರಕ್‌ನಲ್ಲಿ, ಮಗು ಬೇರೆ ಶಾಲೇಲಿ! 1954ರ ಜನವರಿಯಲ್ಲಿ ರಕ್ಷಣಾ ಕಾರ್ಯದರ್ಶಿ ವಿಲ್ಸನ್ ಅದನ್ನ ನಿಲ್ಲಿಸೋಕೆ ಹೇಳಿದ್ರು. ಶಾಲೆಗಳಲ್ಲಿ ಕರಿಯರನ್ನ ಬೇರೆ ಇಡೋ ಹಾಗಿಲ್ಲ ಅಂದ ಸುಪ್ರೀಂ ಕೋರ್ಟಿನ ಬ್ರೌನ್ ತೀರ್ಪು ಬಂದಿದ್ದು ಆಮೇಲೆ, ಮೇ ತಿಂಗಳಲ್ಲಿ.

ತಮ್ಮ: ಅದು ಎಪ್ಪತ್ತು ವರ್ಷದ ಹಿಂದಿನ ಮಾತು.

ದೊಡ್ಡಪ್ಪ, ಹಾಸನ: ನಮ್ಮಲ್ಲೂ 1963ರಲ್ಲಿ 20 ರೆಜಿಮೆಂಟ್ ಶಾಲೆಗಳನ್ನ ಸೈನ್ಯದಿಂದ ತಗೊಂಡ್ರು. ಕೊಟ್ಟಿದ್ದು ರಾಜ್ಯಕ್ಕಲ್ಲ, ಕೇಂದ್ರಕ್ಕೇ. ಅದೇ ಸೆಂಟ್ರಲ್ ಸ್ಕೂಲ್, ಈಗಿನ ಕೇಂದ್ರೀಯ ವಿದ್ಯಾಲಯ. ನನಗೆ ಪಠಾಣ್‌ಕೋಟ್‌ನಿಂದ ಬೆಳಗಾವಿಗೆ ವರ್ಗವಾದಾಗ ನಮ್ಮ ದೊಡ್ಡವನಿಗೆ ಟಿಸಿ ಒಂದೇ ಸಾಕಾಯ್ತು. ಬೈಂಡ್ ಹಾಕಿದ ಪುಸ್ತಕಗಳೂ ಅವೇ. ಯಾರ ಕೈಗಾದ್ರೂ ಕೊಡಲಿ, ವರ್ಗವಾದ ಕಡೆ ಅದೇ ಪಾಠ ಸಿಗಬೇಕು.

ಚಿಕ್ಕಪ್ಪ: ಇದನ್ನ ನಾನು ಯೋಚಿಸಿರಲಿಲ್ಲ ಅಣ್ಣ. ಆದ್ರೆ ಊರಿನ ಮಕ್ಕಳ ಜೊತೆ ಬೆರೆಯೋದು ಬೇಡವೇ?

ಅಕ್ಕ: ಬೇಕು. ಇಲ್ಲಿ ಬೇಲಿಯೊಳಗಿನ ಶಾಲೆ ಎಂಟನೇ ಕ್ಲಾಸಿಗೆ ಮುಗಿಯುತ್ತೆ, ಹೈಸ್ಕೂಲಿಗೆ ಊರಿಗೇ ಹೋಗ್ತಾರೆ. ನನ್ನ ತಕರಾರು ಹಣದ್ದು. ಊರಿನ ಶಾಲೆಗೆ ದುಡ್ಡು ತರೋ ಆಸ್ತಿ ತೆರಿಗೆ ಬೇಸ್ ಜಮೀನಿಗೆ ಇಲ್ಲ. ಅದನ್ನ ತುಂಬಿಕೊಡೋಕೆ 1950ರಿಂದ ಇಂಪ್ಯಾಕ್ಟ್ ಏಡ್ ಅಂತ ಕೇಂದ್ರ ಸರ್ಕಾರದ ನೆರವಿದೆ, ಅದೂ ಪೂರ್ತಿ ಬರಲ್ಲ. ಮಕ್ಕಳನ್ನ ಮಾತ್ರ ಕಳಿಸಿ ದುಡ್ಡು ಇಟ್ಕೊಂಡ್ರೆ ಊರಿನ ಶಾಲೆಯವರು ಏನು ಮಾಡ್ಬೇಕು?

ತಮ್ಮ: ದುಡ್ಡೂ ಜೊತೆಗೇ ಹೋಗ್ಲಿ ಅಂತಾನೇ ನಾನೂ ಹೇಳೋದು.

ಅಕ್ಕ: ಹಾಗೆ ಕಾನೂನಲ್ಲಿ ಬರೆದುಕೊಡ್ಲಿ, ಆಮೇಲೆ ಮಾತಾಡೋಣ. ಪುಟ್ಟಿ ಬಸ್ ಬಂತು, ಹೊರಟೆ.