ಅಪ್ಪಯ್ಯನಿಗೆ ಒಂಬತ್ತು ಸಲ ಲಾಟರಿ ಬಿದ್ದಿದೆ, ಇದು ಲಾಭವೋ ನಷ್ಟವೋ?

ಕೇಳಿದವರು, ತೀರ್ಥಹಳ್ಳಿ ಕಡೆಯವರು

ನಮ್ಮ ಮನೆ ಕೆಳಗಿನ ಗದ್ದೆಯನ್ನು ಶುಂಠಿಗೆ ಗುತ್ತಿಗೆ ಕೊಟ್ಟಿದ್ದೇವೆ. ಮಾಡುವವರು ವಯನಾಡಿನವರು. ಅವರ ಮೇಸ್ತ್ರಿ ಹದಿನೈದು ದಿನಕ್ಕೊಮ್ಮೆ ಊರಿಗೆ ಹೋಗಿ ಬರುತ್ತಾನೆ. ಬರುವಾಗ ಅಪ್ಪಯ್ಯನಿಗೆ ಕೇರಳ ಲಾಟರಿ ತರುತ್ತಾನೆ. ಸಲಕ್ಕೆ 20 ಟಿಕೆಟ್, 50 ರೂಪಾಯಿಯಂತೆ ಒಂದು ಸಾವಿರ. 2024ರಲ್ಲಿ ಓಣಂ ಬಂಪರ್‌ನ 25 ಕೋಟಿ ಮಂಡ್ಯ ಜಿಲ್ಲೆಯವರೊಬ್ಬರಿಗೆ ಬಂತಲ್ಲ, ಆಗ ತಲೆಗೆ ಹೊಕ್ಕ ಹುಳ ಇದು.

ಎಂಟು ತಿಂಗಳಲ್ಲಿ ಒಂಬತ್ತು ಸಲ ಬಿದ್ದಿದೆ. ಆರು ಸಲ 100, ಎರಡು ಸಲ 200, ಒಂದು ಸಲ 500. "ಒಂಬತ್ತು ಸಲ ಸುಮ್ನೆ ಬರ್ತದಾ? ದೊಡ್ಡದು ಹತ್ರ ಬರ್ತಾ ಇದೆ" ಅನ್ನುತ್ತಾರೆ. ಹೋದ ವಾರ ಅವರ ಟಿಕೆಟ್ಟಿನ ಕೊನೆ 3817, ಬಿದ್ದದ್ದು 3847. ಒಂದೇ ಅಂಕಿ. ಅವತ್ತು ಮಧ್ಯಾಹ್ನ ಸರಿಯಾಗಿ ಊಟವನ್ನೇ ಮಾಡಲಿಲ್ಲ. ಸಣ್ಣ ಬಹುಮಾನ ನಿಜವಾಗಿ ಎಷ್ಟು ಸಲ ಬೀಳಬೇಕು, ಕೈಗೆ ಎಷ್ಟು ಉಳಿಯುತ್ತದೆ, ಗೊತ್ತಿದ್ದವರು ಹೇಳಿ. ಬೈದು ಬಿಡಿಸಿ ಅನ್ನಬೇಡಿ. ಅದು ಆಗಿದೆ.

ಸಾಗರದಿಂದ, ನಿವೃತ್ತ ಗಣಿತ ಮೇಷ್ಟ್ರು

ತಮ್ಮಾ, ಮೊದಲು ಟಿಕೆಟ್ ಕೈಯಲ್ಲಿ ಹಿಡಿದುಕೊಂಡು ನೋಡು. ಎರಡು ಅಕ್ಷರದ ಸೀರೀಸ್, ಪಕ್ಕದಲ್ಲಿ ಆರಂಕಿ ನಂಬರ್. ನಂಬರ್ 1,00,000ದಿಂದ 9,99,999ರವರೆಗೆ, ಅಂದರೆ 9 ಲಕ್ಷ. ಸೀರೀಸ್ 12. ಒಟ್ಟು 1 ಕೋಟಿ 8 ಲಕ್ಷ ಟಿಕೆಟ್. ಮೊದಲ ಬಹುಮಾನ ಅದರಲ್ಲಿ ಒಂದಕ್ಕೆ. ಅದನ್ನು ಇಲ್ಲಿಗೇ ಬಿಡೋಣ. ನಿನ್ನ ಅಪ್ಪಯ್ಯನನ್ನು ಹಿಡಿದುಕೊಂಡಿರುವುದು ಅದಲ್ಲ.

ಸಣ್ಣ ಬಹುಮಾನಕ್ಕೆ ಕೊನೆಯ ನಾಲ್ಕು ಅಂಕಿ ಹೊಂದಿದರೆ ಸಾಕು. 0000ದಿಂದ 9999ರವರೆಗೆ ಇರುವುದೇ 10,000 ಬಗೆ. ಅವತ್ತಿನ ಫಲಿತಾಂಶದ ಹಾಳೆಯಲ್ಲಿ ಇಂಥ ನಾಲ್ಕಂಕಿಗಳು ಎಷ್ಟಿವೆ ಎಣಿಸು. ಲೆಕ್ಕಕ್ಕೆ ಸುಲಭವಾಗಲಿ ಅಂತ 300 ಇವೆ ಅಂದುಕೊಳ್ಳೋಣ. ಹತ್ತು ಸಾವಿರಕ್ಕೆ ಮುನ್ನೂರು, ನೂರಕ್ಕೆ ಮೂರು. ಅಷ್ಟೇ. ಎಂಟು ತಿಂಗಳಿಗೆ ನೀವು ಸುಮಾರು 340 ಟಿಕೆಟ್ ತೆಗೆದುಕೊಂಡಿದ್ದೀರಿ. ಅದಕ್ಕೆ ಹತ್ತು ಸಲ ಬೀಳಬೇಕು. ಬಿದ್ದದ್ದು ಒಂಬತ್ತು. ಅದೃಷ್ಟವೂ ಅಲ್ಲ, ದುರದೃಷ್ಟವೂ ಅಲ್ಲ, ಬೀಳಬೇಕಾದಷ್ಟೇ ಬಿದ್ದಿದೆ. ಬಂದ ದುಡ್ಡು 1,500, ಹೋದದ್ದು 17,000.

ಈಗ ಆ 3817ರ ವಿಷಯ. ಇದನ್ನು ನಾನು ಮಕ್ಕಳಿಗೆ ಬೋರ್ಡ್ ಮೇಲೆ ಮಾಡಿಸುತ್ತಿದ್ದೆ, ಈಗಲೂ ಖುಷಿಯ ಲೆಕ್ಕ. ಒಂದು ನಾಲ್ಕಂಕಿ ನಂಬರಿಗೆ ಒಂದೇ ಅಂಕಿಯಲ್ಲಿ ತಪ್ಪುವ ನಂಬರುಗಳು ಎಷ್ಟು? ಪ್ರತಿ ಸ್ಥಾನದಲ್ಲೂ ಬೇರೆ ಒಂಬತ್ತು ಅಂಕಿ ಕೂರಿಸಬಹುದು. ನಾಲ್ಕು ಸ್ಥಾನಕ್ಕೆ 36. ಬಿದ್ದ ನಂಬರ್ 300. ಗುಣಿಸಿದರೆ 10,800. ಇರುವುದೇ 10,000 ನಂಬರ್ ಮಾರಾಯಾ! ಒಂದರ ಮೇಲೊಂದು ಬಂದದ್ದನ್ನು ಕಳೆದರೂ ಮೂರು ಟಿಕೆಟ್ಟಿನಲ್ಲಿ ಎರಡು "ಒಂದೇ ಅಂಕಿಯಲ್ಲಿ ತಪ್ಪಿತು" ಅನ್ನುವ ಜಾತಿಗೇ ಸೇರುತ್ತವೆ. ಅಪ್ಪಯ್ಯನಿಗೆ ಹಾಗೆ ತಪ್ಪದ ದಿನ ಇದ್ದರೆ ಅದು ಆಶ್ಚರ್ಯ. ಅವರ ಮುಂದೆ ಕೂತು, ಹೋದ ವಾರದ ಎಲ್ಲ ಟಿಕೆಟ್ಟನ್ನೂ ಹಾಳೆಗೆ ಹೊಂದಿಸಿ ನೋಡಿ. ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ಇನ್ನೊಂದು ಮರೆತೆ. 'ಸೆಟ್' ಅಂತ ಮಾರುತ್ತಾರೆ. ಒಂದೇ ನಂಬರು, ಹನ್ನೆರಡು ಸೀರೀಸ್, 600 ರೂಪಾಯಿ. ಬಿದ್ದರೆ 100ರ ಬದಲು 1,200 ಬರುತ್ತದೆ, ನೋಡಲು ಚೆಂದ. ಆದರೆ ಬೀಳುವ ಸಾಧ್ಯತೆ ಒಂದು ಟಿಕೆಟ್ಟಿನದ್ದೇ, ನೂರಕ್ಕೆ ಮೂರು. ಉಳಿದ 97 ಸಲ ಒಟ್ಟಿಗೇ ಆರುನೂರು ಹೋಗುತ್ತದೆ.

ಭದ್ರಾವತಿಯಿಂದ

ಮೇಷ್ಟ್ರ ಲೆಕ್ಕ ಸರಿ ಇದೆ. ನಾನು ಅದನ್ನು ದುಡ್ಡು ಕೊಟ್ಟು ಕಲಿತೆ. ಲಾಟರಿ ಅಲ್ಲ, ಓಸಿ, ಅಂದರೆ ಮಟ್ಕಾ. ಪೇಪರಲ್ಲಿ ಓದಿರುತ್ತೀರಿ, "ಒಂದು ರೂಪಾಯಿಗೆ 70 ರೂಪಾಯಿ ಕೊಡುವುದಾಗಿ ಚೀಟಿ ಬರೆಯುತ್ತಿದ್ದ" ಅಂತ. ಎರಡಂಕಿ ನಂಬರ್ 00ರಿಂದ 99, ನೂರು. ನೂರಕ್ಕೂ ಒಂದೊಂದು ರೂಪಾಯಿ ಹಾಕಿದರೆ ಒಂದು ಬಿದ್ದೇ ಬೀಳುತ್ತದೆ, 70 ಬರುತ್ತದೆ, 30 ಬರೆಯುವವನಿಗೆ. ಇಷ್ಟು ಗೊತ್ತಿದ್ದೂ ನಾಲ್ಕು ವರ್ಷ ಆಡಿದೆ. ಯಾಕೆ? ಎರಡನೇ ವಾರವೇ 20 ರೂಪಾಯಿಗೆ 1,400 ಬಂದಿತ್ತು. ಆ ಸಾವಿರದ ನಾನೂರನ್ನು ಊರಿಗೆಲ್ಲ ಹೇಳಿದೆ. ಆಮೇಲೆ ಹೋದದ್ದನ್ನು ಮನೆಯಲ್ಲೂ ಹೇಳಲಿಲ್ಲ. ಲಾಟರಿಗೆ ಸರ್ಕಾರದ ಸೀಲಾದರೂ ಇದೆ, ಓಸಿಗೆ ಪೊಲೀಸ್ ಕೇಸಿದೆ. ಅಪ್ಪಯ್ಯ ಆ ಕಡೆ ತಿರುಗದ ಹಾಗೆ ನೋಡಿಕೊಳ್ಳಿ ಅಣ್ಣ.

ಶಿವಮೊಗ್ಗದಿಂದ, ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವವರು

ಕೈಗೆ ಎಷ್ಟು ಉಳಿಯುತ್ತದೆ ಅಂತ ಕೇಳಿದ್ದೀರಿ. ಅಡಿಕೆ ಆದಾಯಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲ ಅಲ್ವಾ, ಅದೇ ರೂಢಿಯಲ್ಲಿ ನಮ್ಮ ಕಡೆ ಜನ ಲಾಟರಿಗೂ ಇಲ್ಲ ಅಂದುಕೊಳ್ಳುತ್ತಾರೆ. ಇದೆ. 30 ಪರ್ಸೆಂಟ್, ಅದರ ಮೇಲೆ 4 ಪರ್ಸೆಂಟ್ ಸೆಸ್, ಒಟ್ಟು 31.2. ಬೇರೆ ಆದಾಯ ಒಂದು ರೂಪಾಯಿ ಇಲ್ಲದಿದ್ದರೂ ಇದಕ್ಕೆ ವಿನಾಯಿತಿ ಮಿತಿ ಅನ್ವಯಿಸುವುದಿಲ್ಲ. ಟಿಕೆಟ್ಟಿಗೆ ಖರ್ಚು ಮಾಡಿದ 17,000ವನ್ನು ಕಳೆಯಲೂ ಬಿಡುವುದಿಲ್ಲ. ಬಹುಮಾನ 10,000 ದಾಟಿದರೆ ಕೊಡುವ ಮೊದಲೇ ಹಿಡಿದುಕೊಳ್ಳುತ್ತಾರೆ. ದೊಡ್ಡ ಬಹುಮಾನವಾದರೆ ಅದಕ್ಕೂ ಮೊದಲು ಏಜೆಂಟ್ ಕಮಿಷನ್, ಲೆಕ್ಕಕ್ಕೆ 10 ಪರ್ಸೆಂಟ್ ಅಂದುಕೊಳ್ಳಿ. ಒಂದು ಕೋಟಿ ಅಂತ ಬೋರ್ಡಿನಲ್ಲಿ ಬರೆದಿದ್ದರೆ 90 ಲಕ್ಷಕ್ಕೆ ತೆರಿಗೆ ಕಳೆದು 63 ಲಕ್ಷ, ಆಮೇಲೆ ಸರ್‌ಚಾರ್ಜು ಸೆಸ್ಸು ಬೇರೆ.

ನೂರು, ಐನೂರಕ್ಕೆ ಯಾರೂ ತೆರಿಗೆ ಹಿಡಿಯುವುದಿಲ್ಲ. ಅಲ್ಲಿರುವ ತೊಂದರೆ ಬೇರೆ. 5,000ದವರೆಗಿನ ಬಹುಮಾನವನ್ನು ಕೇರಳದ ಯಾವ ಲಾಟರಿ ಅಂಗಡಿಯಲ್ಲೂ ಕೊಡುತ್ತಾರೆ. ಅದಕ್ಕಿಂತ ಜಾಸ್ತಿಯಾದರೆ ಗುರುತಿನ ದಾಖಲೆ ಹಿಡಿದು 30 ದಿನದೊಳಗೆ ಟಿಕೆಟ್ ಒಪ್ಪಿಸಬೇಕು. ತೀರ್ಥಹಳ್ಳಿಯಲ್ಲಿ ಕೂತವರಿಗೆ ನೂರು ರೂಪಾಯಿ ಯಾರು ತಂದುಕೊಡುತ್ತಾರೆ? ನಿಮ್ಮ ಅಪ್ಪಯ್ಯನಿಗೆ ಆ ಒಂಬತ್ತು ಸಲವೂ ನೋಟು ಬಂತೋ, ಬದಲಿಗೆ ಟಿಕೆಟ್ ಬಂತೋ, ಒಮ್ಮೆ ಕೇಳಿ ನೋಡಿ.

ಸೊರಬದಿಂದ

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಮ್ಮ ಕರ್ನಾಟಕದಲ್ಲಿ 2007ರಿಂದ ಲಾಟರಿ ಮಾರುವುದೇ ನಿಷೇಧ. ಅಲ್ಲಿಗೆ ಹೋದಾಗ ಕೊಂಡರೆ ಕೊಂಡಿರಿ, ಆದರೆ ಇಲ್ಲಿ ತಂದು ಹಂಚುವುದು ಆ ಮೇಸ್ತ್ರಿಗೇ ಕುತ್ತು. ವಾಟ್ಸಾಪಿನಲ್ಲಿ "ಕೇರಳ ಲಾಟರಿ ಆನ್‌ಲೈನ್" ಅಂತ ಬಂದರೆ ಪಕ್ಕಾ ಮೋಸ, ಅವರದ್ದು ಬರೀ ಕಾಗದದ ಟಿಕೆಟ್. ನಮ್ಮ ಭಾವನಿಗೆ "ಐದು ಲಕ್ಷ ಬಿದ್ದಿದೆ, ಜಿಎಸ್‌ಟಿ 6,000 ಕಟ್ಟಿ" ಅಂತ ಬಂತು. ಕಟ್ಟಿದರು. ಅವರು ಟಿಕೆಟ್ಟೇ ತೆಗೆದುಕೊಂಡಿರಲಿಲ್ಲ!

ಶಿವಮೊಗ್ಗದ ಹಳೇ ಮಂದಿಯಲ್ಲೊಬ್ಬರು

ಈಗಿನ ಹುಡುಗರಿಗೆ ಗೊತ್ತಿಲ್ಲ. 2007ಕ್ಕೆ ಮುಂಚೆ ಬಸ್‌ಸ್ಟ್ಯಾಂಡ್ ಕಡೆ ಹೋದರೆ "ಇವತ್ತೇ ಡ್ರಾ, ಇವತ್ತೇ ಡ್ರಾ" ಅಂತ ಮೈಕು. ಸಂಜೆ ಚರಂಡಿ ತುಂಬ ಬಣ್ಣಬಣ್ಣದ ಟಿಕೆಟ್. ಒಂದೇ ಅಂಕಿಯ ಲಾಟರಿ ಎಂಥ ಹಾಳು ಮಾಡಿತು ಅಂದರೆ, 1998ರ ಕೇಂದ್ರದ ಕಾನೂನಿನಲ್ಲೇ ಒಂದಂಕಿ ಮೇಲೆ ಬಹುಮಾನ ಕೊಡಬಾರದು ಅಂತ ಬರೆದರು. ಮಂಡಿಯಲ್ಲಿ ನಮ್ಮ ಜೊತೆ ಮೂಟೆ ಹೊರುತ್ತಿದ್ದವನೊಬ್ಬ ದಿನಾ ಹತ್ತು ರೂಪಾಯಿ ಹಾಕುತ್ತಿದ್ದ. ವಾರಕ್ಕೊಮ್ಮೆ ಐವತ್ತೋ ಅರವತ್ತೋ ಬರುತ್ತಿತ್ತು. ಬಂದ ದಿನ ನಮಗೆಲ್ಲ ಚಾ ಕೊಡಿಸುತ್ತಿದ್ದ. ಆ ಚಾ ನಾನೂ ಕುಡಿದಿದ್ದೇನೆ.

ಕೊಪ್ಪದಿಂದ

ನಮ್ಮ ಮಾವನಿಗೂ ಇದೇ ಇತ್ತು. ನಾನು ಬೇಡ ಅನ್ನಲಿಲ್ಲ. ಜಗಲಿಯಲ್ಲಿ ಕರೆಂಟ್ ಬಿಲ್ ಚುಚ್ಚುವ ಕಂಬಿ ಇದೆಯಲ್ಲ, ಅದರ ಪಕ್ಕ ಇನ್ನೊಂದು ಕಂಬಿ ನೇತುಹಾಕಿದೆ. "ಮಾವ, ಬಿದ್ದದ್ದೂ ಬೀಳದ್ದೂ ಎಲ್ಲ ಇಲ್ಲೇ ಚುಚ್ಚಿ, ಹರಿದು ಎಸೀಬೇಡಿ" ಅಂದೆ. ಬಿದ್ದ ಟಿಕೆಟ್ಟನ್ನು ಕೊಟ್ಟುಬಿಡಬೇಕಲ್ಲ, ಅದರ ಬದಲು ಹಳದಿ ಚೀಟಿಯಲ್ಲಿ ಮೊತ್ತ ಬರೆದು ಚುಚ್ಚುತ್ತಿದ್ದರು. ದೀಪಾವಳಿಗೆ ಗೋಡೆ ಒರೆಸಲು ಕಂಬಿ ಇಳಿಸಿದೆವು. 214 ಟಿಕೆಟ್, ಆರು ಹಳದಿ ಚೀಟಿ. ಮಾವ ಎರಡು ಸಲ ಎಣಿಸಿದರು. ಏನೂ ಮಾತಾಡಲಿಲ್ಲ. ಪೂರ್ತಿ ಬಿಟ್ಟಿಲ್ಲ, ವಿಷುವಿಗೊಂದು, ಓಣಂಗೊಂದು ಬಂಪರ್ ತರಿಸುತ್ತಾರೆ. ಅಷ್ಟು ಇರಲಿ ಬಿಡಿ.

ಕೇಳಿದವರು, ಮತ್ತೆ

ಶನಿವಾರ ಊರಿಗೆ ಹೋಗಿದ್ದೆ. ಆಡಿಟರ್ ಆಫೀಸಿನ ಅಕ್ಕ, ನೀವು ಹೇಳಿದ್ದು ನಿಜ. ಒಂಬತ್ತರಲ್ಲಿ ಎಂಟು ಸಲ ನೋಟು ನೋಡಿಯೇ ಇಲ್ಲ. ನೂರಕ್ಕೆ ಎರಡು, ಇನ್ನೂರಕ್ಕೆ ನಾಲ್ಕು ಹೊಸ ಟಿಕೆಟ್ ಕೊಟ್ಟಿದ್ದಾನೆ. ಕೈಗೆ ಬಂದದ್ದು ಐನೂರರ ಒಂದೇ ನೋಟು. ಅದು ಪಂಚಾಂಗದ ಒಳಗೆ ಹಾಗೇ ಇದೆ.

ಮೇಷ್ಟ್ರೇ, ಕಳೆದ ಡ್ರಾದ ಹಾಳೆ ಪ್ರಿಂಟ್ ತೆಗೆದು ಒಟ್ಟಿಗೆ ಕೂತೆವು. ಆ ಡ್ರಾಕ್ಕೆ ಇದ್ದ ಒಂಬತ್ತು ಟಿಕೆಟ್ಟಿನಲ್ಲಿ ಆರು ಒಂದೇ ಅಂಕಿಯಲ್ಲಿ ತಪ್ಪಿದ್ದವು. ಮೂರನೆಯದರವರೆಗೂ "ಅಯ್ಯೋ, ನೋಡಿದ್ಯಾ" ಅನ್ನುತ್ತಿದ್ದರು. ಐದನೆಯದಕ್ಕೆ ಕನ್ನಡಕ ತೆಗೆದಿಟ್ಟು ಎಲೆ ಅಡಿಕೆ ಹಾಕಿಕೊಂಡರು. ಮೇಸ್ತ್ರಿಗೆ ಫೋನ್ ಮಾಡಿ ಮುಂದಿನ ಸಲ ನಾಲ್ಕು ಸಾಕು ಅಂದಿದ್ದಾರೆ. ಜಗಲಿಯಲ್ಲಿ ಕಂಬಿ ನಾನೇ ಹೊಡೆದು ಬಂದೆ.